ನೂರರ ಮೇಲೊಂದು ಹಿಡಿ

೮ ಡಿಸೆಂಬರ್ ೧೯೩೬, ಮಂಗಳವಾರ

ವಹಿಯ ಮೊದಲ ಪುಟದಲ್ಲಿ ಹೆಸರು, ಊರು ಬರೆಯಬೇಕೆಂದು, ದಿನದಿನದ್ದು ಬರೆದಿಡಲು ಇದನ್ನು ಕೊಟ್ಟ ಶಾಲೆಯ ಸುಲಭಾ ಅಕ್ಕೋರು ಹೇಳಿದ್ದಾರೆ. ಕಳೆದುಹೋದರೆ ಸಿಕ್ಕವರು ತಂದುಕೊಡುತ್ತಾರಂತೆ. ಕಳೆದುಹೋಗುವ ಮಾತು ಬಂದದ್ದೇ ತಡ, ನಾನು ವಹಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡೆ. ಇರಲಿ, ಬರೆಯುತ್ತೇನೆ.

ಸಾವಂತ್ರವ್ವ. ಹುಟ್ಟಿದ್ದು ಸವಣೂರಲ್ಲಿ. ಈಗ ಪುಣೆಯಲ್ಲಿ, ಮಂಡಯಿ ಮಾರ್ಕೆಟ್ಟಿನ ಹಿಂದೆ ಅಣ್ಣ ನಿಜಲಿಂಗಪ್ಪನ ವೀಳ್ಯದೆಲೆ ಅಂಗಡಿ, ಅದರ ಮೇಲಿನ ಮನೆ. ವಯಸ್ಸು ಮೂವತ್ತೆಂಟು ಇರಬಹುದು. ಓದು ಕನ್ನಡ ಮೂರನೆಯ ಇಯತ್ತೆ, ಅದೂ ಮುಗಿಯಲಿಲ್ಲ. ಮೂರು ಸಲ ಪ್ಲೇಗು ಬಂತು, ಮೂರು ಸಲ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದೆವು. ಮೂರನೆಯ ಸಲ ತಿರುಗಿ ಬಂದಾಗ ಶಾಲೆ ತೆರೆದಿತ್ತು, ಆದರೆ ನನ್ನ ಮದುವೆ ಗೊತ್ತಾಗಿತ್ತು. ಗಂಡ ತೀರಿಕೊಂಡು ಹನ್ನೆರಡು ವರ್ಷ. ಅಂದಿನಿಂದ ಅಣ್ಣನ ಮನೆ. ಸವಣೂರಿನಿಂದ ಬರುವ ಎಲೆಯ ಬುಟ್ಟಿ ಬಿಚ್ಚಿ, ಐದೈದರ ಹಿಡಿ ಮಾಡಿ, ನೂರರ ಕಟ್ಟು ಕಟ್ಟುವುದು ನನ್ನ ಕೆಲಸ.

ಇಷ್ಟು ಬರೆಯಲು ಅರ್ಧ ತಾಸು ಹಿಡಿಯಿತು. ಎಷ್ಟು ತಪ್ಪುಗಳಿವೆಯೋ.

೧೦ ಡಿಸೆಂಬರ್, ಗುರುವಾರ

ಒಪ್ಪಿಕೊಂಡದ್ದು ತಪ್ಪಾಯಿತೇನೋ.

ಆದದ್ದು ಇಷ್ಟು. ಅಕ್ಕೋರು ತಮ್ಮ ತಂದೆಗೆಂದು ಎಲೆ ಒಯ್ಯಲು ಬಂದಿದ್ದರು. ಒಲೆಯ ಮೇಲಿನ ಹಾಲು ಉಕ್ಕಿತೋ ಏನೋ ಎಂದು ನಾನು ಮೇಲಿನ ಕಿಟಕಿಯ ಕಡೆಗೇ ನೋಡುತ್ತಾ, ಬಾಯಲ್ಲಿ ಹಾಲಿನ ಚಿಂತೆಯನ್ನೇ ಹೇಳುತ್ತಾ, ಕೈಯಲ್ಲಿ ಮುನ್ನೂರು ಎಲೆ ಎಣಿಸಿ ಕೊಟ್ಟೆನಂತೆ. ನನಗೆ ಗೊತ್ತೇ ಇಲ್ಲ. ಮರುದಿನ ತಂದೆಯನ್ನೇ ಕರೆದುಕೊಂಡು ಬಂದರು. ಅವಧೂತ ಮಾಸ್ತರರು. ಧಾರವಾಡದ ಶಾಲೆಯಲ್ಲಿ ಸೃಷ್ಟಿಶಾಸ್ತ್ರ ಕಲಿಸಿ ನಿವೃತ್ತಿಯಾದವರು, ಕನ್ನಡ ನಮ್ಮವರಂತೆಯೇ ಆಡುತ್ತಾರೆ. ಹನ್ನೊಂದು ವರ್ಷದಿಂದ ಪ್ರತಿ ಚಳಿಗಾಲ ಖರಾಡಿ ಹಳ್ಳಿಯ ಹತ್ತಿರ ನದಿ ತಿರುಗುವಲ್ಲಿ ಕುಳಿತು, ಉತ್ತರದಿಂದ ಬರುವ ಬಾತುಗಳನ್ನು ಎಣಿಸುತ್ತಾರೆ. ಯಾರೂ ಕೊಟ್ಟ ಕೆಲಸವಲ್ಲ, ತಾವಾಗಿ ಮಾಡುವುದು. ಈ ವರ್ಷ ಅವರಿಗೆ ಕಣ್ಣಿನ ಪೊರೆ.

"ನನಗ ಒಂದು ಬಾತು ಮೂರಾಗಿ ಕಾಣತದ್ರಿ," ಅಂದರು. "ನಿಮ್ಮ ಕಣ್ಣು ಕೊಡ್ರಿ, ಸಾಕು."

ಅಣ್ಣನ ಹೆಂಡತಿ, ನನ್ನ ವೈನಿ ರುದ್ರವ್ವ ಒಳಗಿನಿಂದಲೇ ಕೂಗಿದಳು. "ಒಯ್ರಿ ಒಯ್ರಿ! ಈಕಿ ಮನ್ಯಾಗಿದ್ದರ ದಿನಕ್ಕ ನೂರು ಚಿಂತಿ ಮಾಡ್ತಾಳ. ಅವನ್ನೂ ಅಲ್ಲೇ ಎಣಿಸ್ಯಾಳು."

೧೩ ಡಿಸೆಂಬರ್, ಆದಿತ್ಯವಾರ

ಹೋಗಿ ಬಂದೆ.

ನಸುಕಿನಲ್ಲಿ ಟಾಂಗಾ ಬಂತು. ಅಂಗಡಿಯ ಕೀಲಿ ಎಳೆದು ನೋಡಿದೆ, ಇಳಿದು ಮತ್ತೆ ಎಳೆದು ನೋಡಿದೆ. ಮೂರನೆಯ ಸಲ ಇಳಿಯಹೋದಾಗ ಅಕ್ಕೋರು ಸೆರಗು ಹಿಡಿದು ಕೂರಿಸಿದರು. ನಗರ ರಸ್ತೆಯಿಂದ ಬಲಕ್ಕೆ ಹೊರಳಿ ಜೋಳದ ಹೊಲಗಳ ನಡುವೆ ನಡೆದೆವು. ಹಾವಿದ್ದರೆ? ಮಾಸ್ತರರು ಎಡವಿದರೆ? ಅವರ ಕೆಮ್ಮು ಕೇಳಿ ಬಾತುಗಳು ಹಾರಿಹೋದರೆ? ಅದೂ ನನ್ನಿಂದಲೇ ಆಯಿತೆಂದರೆ?

ಜಾಲಿಯ ಪೊದೆಯ ಹಿಂದೆ ಕುಳಿತೆವು. ರಾತ್ರಿಯೆಲ್ಲ ಹೊಲ, ಕೆರೆಗಳಲ್ಲಿ ಮೇಯ್ದ ಬಾತುಗಳು ಬೆಳಗಾಗುವಾಗ ಈ ತಿರುವಿನ ನೀರಿಗೆ ಮಲಗಲು ಬರುತ್ತವಂತೆ. ಮೊದಲು ಸದ್ದು ಬಂತು, ಹೊಸ ಸೀರೆ ಹರಿದ ಹಾಗೆ. ತಲೆಯ ಮೇಲಿಂದ ಒಂದು ಹಿಂಡು ನೀರಿಗೆ ಬಿತ್ತು. ಅದರ ಹಿಂದೆ ಇನ್ನೊಂದು. ಆಮೇಲೆ ಆಕಾಶದ ತುಂಬ ಅವೇ.

ಕೈ ತಾನೇ ಎದ್ದಿತು. ಹಿಡಿ, ಹಿಡಿ, ಹಿಡಿ. ಇಪ್ಪತ್ತು ಹಿಡಿಗೆ ಒಂದು ಹುಣಸೆ ಬೀಜ ಮಡಿಲಿಗೆ. ಅಂಗಡಿಯಲ್ಲಿ ಮಾಡುವುದೇ ಅದು. ಎಲೆ ಕೂತಿರುತ್ತದೆ, ಬಾತು ಹಾರುತ್ತದೆ, ಅಷ್ಟೇ ಭೇದ. ಬಾಲ ಸೂಜಿಯಂತಿರುವವು, ಕೊಕ್ಕು ಸೌಟಿನಂತಿರುವವು, ಅರಿಶಿನ ಮೈಯ ಚಕ್ರವಾಕ. ಒಟ್ಟು ಒಂದು ಸಾವಿರದ ನೂರ ನಲವತ್ತು. ಅಕ್ಕೋರು ಕಾಗದದ ಮೇಲೆ ಬರೆದರು. ನಾನು ಹೇಳಿದ ಸಂಖ್ಯೆ ಕಾಗದದ ಮೇಲೆ!

ಮನೆಗೆ ಬಂದಾಗ ಕೀಲಿ ಸರಿಯಾಗಿಯೇ ಇತ್ತು.

೨೦ ಡಿಸೆಂಬರ್, ಆದಿತ್ಯವಾರ

ಇವತ್ತು ಲೆಕ್ಕವಿಲ್ಲ. ಬಂದೂಕಿನವರು ಬಂದಿದ್ದರು.

ನಾಲ್ಕನೆಯ ಬೀಜ ಹಾಕುವಾಗ ಢಂ ಎಂದಿತು. ಆಮೇಲೆ ಎಷ್ಟು ಸಲವೋ. ನೀರೆಲ್ಲ ಎದ್ದು ಹೋದ ಹಾಗೆ ಬಾತುಗಳು ಎದ್ದವು. ಸದ್ದು ನಿಂತ ಮೇಲೆ ತಿರುವಿನಲ್ಲಿ ಏನೂ ಇರಲಿಲ್ಲ, ಕೆಸರಿನಲ್ಲಿ ಒಂದು ಹೆಣ್ಣು ಬಾತು ಮಾತ್ರ. ಒಂದು ರೆಕ್ಕೆ ಎಳೆದುಕೊಂಡು ಜೊಂಡಿನ ಕಡೆಗೆ ಹೋಯಿತು. ಅವರ ನಾಯಿ ಅದನ್ನು ನೋಡಲಿಲ್ಲ. ನಾನು ನೋಡಿದೆ.

ತಿರುಗಿ ಬರುವಾಗ ಮಾಸ್ತರರು ಎಲ್ಲ ಹೇಳಿದರು. ಕಲೆಕ್ಟರ್ ಕಚೇರಿಯ ಸಾಹೇಬರಿಗೆ ಮೂರು ವರ್ಷದಿಂದ ಅರ್ಜಿ ಹಾಕುತ್ತಿದ್ದಾರೆ, ಈ ತಿರುವಿನಲ್ಲಿ ಬೇಟೆ ನಿಲ್ಲಿಸಿ ಎಂದು. ಈ ಸಲ ಸಾಹೇಬರು ಬರೆದಿದ್ದಾರೆ: ಒಂದೇ ಬೆಳಗ್ಗೆ ಎರಡು ಸಾವಿರ ಬಾತು ಇಲ್ಲಿ ಇಳಿಯುತ್ತವೆಂದು ಜನವರಿ ಮುಗಿಯುವುದರೊಳಗೆ ತೋರಿಸಿದರೆ ಬೇಟೆ ಬಂದ್. ಲೆಕ್ಕ ಕಳಿಸುವುದು ಒಂದೇ ಸಲ. ತೋರಿಸಲಾಗದಿದ್ದರೆ ಅರ್ಜಿ ಕಸದ ಬುಟ್ಟಿಗೆ, ಇನ್ನು ಮುಂದೆ ಹಾಕಲೂ ಬೇಡಿ. ಫೆಬ್ರವರಿ ಏಳಕ್ಕೆ ದೊಡ್ಡ ಬೇಟೆ ಈಗಲೇ ಗೊತ್ತಾಗಿದೆಯಂತೆ.

"ಜನವರಿ ಹತ್ತರ ಸುಮಾರಿಗೆ ಹಿಂಡು ಭಾಳ ಇರತಾವ," ಅಂದರು. "ಅವತ್ತು ನೀವು ಎಣಿಸಿದ್ದೇ ಕಡೀದು."

ನಾನು ಎಣಿಸಿದ್ದೇ ಕಡೆಯದು. ದೇವರೇ.

೨೫ ಡಿಸೆಂಬರ್

ಆ ಬಾತು ಏನಾಯಿತೋ. ಜೊಂಡಿನಲ್ಲಿ ನರಿ ಇರುತ್ತವೆ.

೩ ಜನವರಿ ೧೯೩೭

ಮಾಳಿಗೆಯ ಮೇಲೆ ಸಂಜೆ ಗಿಳಿಗಳನ್ನು ಎಣಿಸಿ ಕಲಿತೆ. ಪಾರಿವಾಳಗಳು ಕೆಟ್ಟವು, ಸುಮ್ಮನೆ ಸುತ್ತಿ ಸುತ್ತಿ ಬಂದು ಎರಡೆರಡು ಸಲ ಲೆಕ್ಕಕ್ಕೆ ಸೇರುತ್ತವೆ. ವೈನಿ ಹಪ್ಪಳ ಹಾಕುತ್ತಾ ಕುಳಿತಿದ್ದಳು. "ನನ್ನ ಹಪ್ಪಳಾನೂ ಎಣಸು, ಕಾಗಿ ಒಯ್ದಾವೇನು ನೋಡೂಣು." ಎಣಿಸಿದೆ. ಎರಡು ಒಯ್ದಿದ್ದವು.

೧೦ ಜನವರಿ, ಆದಿತ್ಯವಾರ

ಒಂದು ಸಾವಿರದ ಒಂಬೈನೂರ ಇಪ್ಪತ್ತೈದು.

ಎಪ್ಪತ್ತೈದು ಕಡಿಮೆ.

ಹತ್ತೊಂಬತ್ತು ಬೀಜ, ಮೇಲೆ ಐದು ಹಿಡಿ. ಬೀಜಗಳನ್ನು ನಾಲ್ಕು ಸಲ ಎಣಿಸಿದೆ, ಅವು ಹತ್ತೊಂಬತ್ತೇ. ಟಾಂಗಾದಲ್ಲಿ ಮಾಸ್ತರರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಬೈದಿದ್ದರೆ ಒಳ್ಳೆಯದಿತ್ತು. ಅಕ್ಕೋರು ಕಾಗದಕ್ಕೆ ಸಹಿ ಹಾಕಿ ಕಚೇರಿಗೆ ಕಳಿಸಿದರು. ಇದ್ದದ್ದನ್ನು ಇದ್ದ ಹಾಗೆ ಕಳಿಸಬೇಕು, ಅಂದರು.

೧೨ ಜನವರಿ, ಮಂಗಳವಾರ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೇಗೆ ಬಂದರೂ ಬರಲಿ.

ಬೆಳಿಗ್ಗೆ ಬುಟ್ಟಿ ಬಂತು. ಎಣಿಸಲು ಕುಳಿತೆ. ಮನಸ್ಸೆಲ್ಲ ಎಪ್ಪತ್ತೈದರಲ್ಲಿ. ಇಪ್ಪತ್ತು ಹಿಡಿ ಆಯಿತು, ಬೀಜ ಹಾಕಿದೆ, ಇನ್ನೊಂದು ಹಿಡಿ ಎತ್ತಿ ಕಟ್ಟಿಗೆ ಸೇರಿಸಿದೆ, ದಾರ ಸುತ್ತಿದೆ. ಮತ್ತೆ ಒಂದರಿಂದ ಶುರು.

ಸುತ್ತಿದ ದಾರ ಕೈಯಲ್ಲೇ ಉಳಿಯಿತು.

ಆ ಇನ್ನೊಂದು ಹಿಡಿ! ಅದು ಕೊಸರು. ನೂರು ಎಲೆ ಕೊಟ್ಟರೆ ಹರಿದದ್ದು, ಕೊಳೆತದ್ದು ಇರುತ್ತದೆಂದು ಮೇಲೆ ಒಂದು ಹಿಡಿ ಕೊಡುತ್ತೇವೆ. ಸವಣೂರಿನ ಪದ್ಧತಿ, ಅಪ್ಪನ ಕಾಲದಿಂದ. ಕೈ ಎತ್ತುತ್ತದೆ, ಬಾಯಿ ಎಣಿಸುವುದಿಲ್ಲ. ಕೊಸರನ್ನು ಯಾರಾದರೂ ಎಣಿಸುತ್ತಾರೆಯೇ? ಎಣಿಸಿದರೆ ಅದು ಕೊಸರೇ ಅಲ್ಲ.

ನದಿಯಲ್ಲೂ ನನ್ನ ಕೈ ಅದನ್ನೇ ಮಾಡಿದೆ. ಪ್ರತಿ ಬೀಜ ಹಾಕಿದ ಮೇಲೆ ಐದು ಬಾತುಗಳನ್ನು ಸುಮ್ಮನೆ ಬಿಟ್ಟಿದೆ. ಕಣ್ಣು ಮುಚ್ಚಿ ನೆನೆಸಿಕೊಂಡೆ. ಹೌದು, ಬಿಟ್ಟಿದೆ. ಕೈ ಎದ್ದದ್ದೂ ನೆನಪಿದೆ.

ಹತ್ತೊಂಬತ್ತು ಬೀಜ, ಹತ್ತೊಂಬತ್ತು ಕೊಸರು. ತೊಂಬತ್ತೈದು ಬಾತು. ಎರಡು ಸಾವಿರದ ಇಪ್ಪತ್ತು!

ಸಂಜೆ

ಹೇಳುವುದು ಹೇಗೆ? ಕಡಿಮೆ ಬಿದ್ದ ಮೇಲೆ ಹೆಚ್ಚು ನೆನಪಾಯಿತು ಅಂದರೆ ಯಾರು ನಂಬುತ್ತಾರೆ? ನಾನಾದರೂ ನಂಬುತ್ತಿರಲಿಲ್ಲ. ಮಾಸ್ತರರನ್ನೂ ಸುಳ್ಳರೆನ್ನುತ್ತಾರೆ. ಸುಮ್ಮನಿದ್ದುಬಿಡಲೇ?

೧೪ ಜನವರಿ, ಗುರುವಾರ, ಸಂಕ್ರಮಣ

ಕುಸುರೆಳ್ಳು ಕೊಡುವ ನೆಪದಿಂದ ಮಾಸ್ತರರ ಮನೆಗೆ ಹೋದೆ. ಬಾಗಿಲಿನಲ್ಲಿ ಎರಡು ಸಲ ತಿರುಗಿದೆ. ಅಕ್ಕೋರು ನೋಡಿಬಿಟ್ಟರು.

ಹೇಳಿದೆ. ಎಲ್ಲ ಒಂದೇ ಉಸಿರಿಗೆ ಹೇಳಿದೆ, ಕೊಸರು, ಅಪ್ಪ, ದಾರ, ಎಲ್ಲ. ಮಾಸ್ತರರು ಎಳ್ಳನ್ನು ಬಾಯಿಗೆ ಹಾಕಿಕೊಳ್ಳದೆ ಅಂಗೈಯಲ್ಲೇ ಹಿಡಿದುಕೊಂಡು ಕೇಳಿದರು. ಆಮೇಲೆ ನಗತೊಡಗಿದರು. ಕೆಮ್ಮು ಬಂದರೂ ನಗು ನಿಲ್ಲಲಿಲ್ಲ.

"ಹನ್ನೆರಡು ವರ್ಷ ನಿಮ್ಮ ಅಂಗಡೀದೇ ಎಲಿ ತಿಂದೀನಿ. ಐದು ಹೆಚ್ಚು ಕೊಡತೀರಿ ಅಂತ ನನಗ ಗೊತ್ತs ಇರಲಿಲ್ಲಲ್ಲ!"

"ಎಣಿಸಿದವರಿಗೆ ಗೊತ್ತಾಗತದ್ರಿ," ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಹಿರಿಯರಿಗೆ ಹೀಗನ್ನುವುದೇ?

ಆದಿತ್ಯವಾರ ಕಚೇರಿಯ ಭುಜಂಗರಾಯರನ್ನು ಕರೆಸುತ್ತಾರಂತೆ. ಅರ್ಜಿಯೆಲ್ಲ ಅವರ ಕೈಯಲ್ಲಿ. ನಾನೇ ಬಂದು ಹೇಳಬೇಕಂತೆ.

೧೭ ಜನವರಿ, ಆದಿತ್ಯವಾರ

ಎಲ್ಲ ಬರೆದಿಡುತ್ತೇನೆ, ಇಲ್ಲವಾದರೆ ನಾಳೆ ನನಗೇ ನಂಬಿಕೆಯಾಗುವುದಿಲ್ಲ.

ಭುಜಂಗರಾಯರು ಬೆಳಗಾವಿ ಕಡೆಯವರು. ಕರೀ ಕೋಟು, ಕೈಯಲ್ಲಿ ಕೊಡೆ, ಮಳೆ ಇಲ್ಲ ಏನಿಲ್ಲ. ನಾನು ಹೇಳಿದ್ದನ್ನು ಕಣ್ಣು ಮುಚ್ಚಿಕೊಂಡು ಕೇಳಿದರು.

"ಹತ್ತನೇ ತಾರೀಖಿಗೆ ಎಪ್ಪತ್ತೈದು ಕಡಿಮಿ. ಹದಿನೇಳಕ್ಕ ತೊಂಬತ್ತೈದು ಹೆಚ್ಚು. ಭೇಷ್! ಇನ್ನೊಂದು ವಾರ ಬಿಟ್ಟರ ಮರಿ ಹಾಕತಾವೇನ್ರಿ ನಿಮ್ಮ ಬಾತು?"

"ಬಾತು ಮರಿ ಹಾಕಂಗಿಲ್ರಿ," ಅಂದೆ. "ತತ್ತಿ ಇಡತಾವ."

ಅಕ್ಕೋರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮಾಸ್ತರರು, "ಅದೂ ಇಲ್ಲೆ ಅಲ್ಲ, ಹಿಮಾಲಯದ ಆಚೀಕ ಹೋಗಿ," ಅಂದರು.

ನನಗೆ ಕೋಪ ಬಂದಿತ್ತೋ ಹೆದರಿಕೆಯೋ ತಿಳಿಯದು, ಎರಡಕ್ಕೂ ಮೈ ಬಿಸಿಯಾಗುತ್ತದೆ. ಮಾಸ್ತರರ ತಟ್ಟೆಯಲ್ಲಿ ನಮ್ಮ ಅಂಗಡಿಯ ಕಟ್ಟುಗಳಿದ್ದವು. "ರಾಯರ, ಇವು ಸಂಕ್ರಮಣಕ್ಕಿಂತ ಮೊದಲs ಕಟ್ಟಿದವು. ಬೇಕಾದ್ದು ಬಿಚ್ರಿ, ನೀವs ಎಣಿಸ್ರಿ."

ಅವರು ಒಂದು ಕಟ್ಟು ಬಿಚ್ಚಿದರು. ಬೆರಳಿಗೆ ಉಗುಳು ಹಚ್ಚಿ ಕಾಗದ ಎಣಿಸಿದ ಹಾಗೆ ಎಣಿಸಿದರು. ನೂರ ಐದು. ಇನ್ನೊಂದು ಬಿಚ್ಚಿದರು. ನೂರ ಐದು. ಮೂರನೆಯದಕ್ಕೆ ಕೈ ಹಾಕಿ, ಬಿಚ್ಚದೆ ಬಿಟ್ಟರು.

"ಎಲಿ ಖರೆ ಅವ," ಅಂದರು. "ಆದರ ಎಲಿ ಹಾರಂಗಿಲ್ಲ. ಸಾಹೇಬರಿಗೆ ನಾನು ಎಲಿ ತೋರಿಸ್ಲೇನು?"

"ಬಾತs ತೋರಿಸ್ರಿ. ಬರೂ ಆದಿತ್ಯವಾರ ನಸಿಕಿನ್ಯಾಗ ಬರ್ರಿ. ನನ್ನ ಬಾಜೂಕ ಕೂಡ್ರಿ, ನೀವೂ ಎಣಿಸ್ರಿ. ನಂದು ತಪ್ಪಿದರ ಅರ್ಜಿ ಹರದು ಒಗೀರಿ."

ಇದನ್ನು ಯಾರು ಹೇಳಿದರೋ ನನಗೆ ಗೊತ್ತಿಲ್ಲ. ಕೋಣೆಯಲ್ಲಿ ನಾನೊಬ್ಬಳೇ ನಿಂತಿದ್ದೆ, ಉಳಿದವರು ಕೂತಿದ್ದರು. ರಾಯರು ಕೊಡೆ ಎತ್ತಿಕೊಂಡು, "ಚಾ ಇರತದೇನು ಅಲ್ಲೆ?" ಅಂತ ಕೇಳಿದರು. ಒಪ್ಪಿದರು ಅಂತಲೇ ಅರ್ಥ, ಅಕ್ಕೋರು ಅಂದರು.

೧೯ ಜನವರಿ

ಕೊಸರು ಬಿಡದೆ ಎಣಿಸಲು ಕಲಿಯುತ್ತಿದ್ದೇನೆ. ಆಗುತ್ತಿಲ್ಲ. ಇಪ್ಪತ್ತಕ್ಕೆ ಬಂದೊಡನೆ ಕೈ ಗಲಿಬಿಲಿಯಾಗುತ್ತದೆ, ಹತ್ತೊಂಬತ್ತೋ ಇಪ್ಪತ್ತೊಂದೋ ಗೊತ್ತಾಗುವುದಿಲ್ಲ. ಅಂಗಡಿಯ ಕಟ್ಟುಗಳೂ ಕೆಟ್ಟವು. ಒಂದರಲ್ಲಿ ತೊಂಬತ್ತೈದೇ ಎಲೆ ಹೋಗಿ, ಗಿರಾಕಿ ತಿರುಗಿ ಬಂದು ಅಣ್ಣನ ಮುಖಕ್ಕೆ ಹಿಡಿದ. ಅರ್ಜಿ ಹರಿದು ಒಗೆಯಿರಿ ಅಂತ ನಾನೇ ಹೇಳಿದೆನಲ್ಲ, ಯಾವ ದೆವ್ವ ಹೊಕ್ಕಿತ್ತು ನನ್ನನ್ನು.

೨೦ ಜನವರಿ, ಬುಧವಾರ

ವೈನಿ ಗಂಟು ಬಿಡಿಸಿದಳು. ರೊಟ್ಟಿ ಬಡಿಯುತ್ತಾ ಕೇಳಿದಳು, "ಏನವ್ವಾ, ಕೈಗೆ ಜ್ವರ ಬಂದದೇನು?" ಹೇಳಿದೆ. ಅವಳು ರೊಟ್ಟಿ ಹೊರಳಿಸಿ ಹಾಕಿ, "ನಾ ಇಪ್ಪತ್ತು ವರ್ಷ ಹಿಂಗs ರೊಟ್ಟಿ ಬಡದೀನಿ. ನಾಳಿಂದ ಎಡಗೈಲೆ ಬಡಿ ಅಂದರ ಆಗತದೇನು? ಕೈ ತನ್ನ ಪಾಡಿಗೆ ಹೋಗಲಿ. ನೀನು ಬೀಜಕ್ಕೊಂದು ಐದು ಸೇರಸು," ಅಂದಳು.

ಇಷ್ಟೇ!

ಓದು ಬರದ ವೈನಿ. ಮೂರು ದಿನದಿಂದ ನಾನು ಸಾಯುತ್ತಿದ್ದೇನೆ, ಒಂದು ರೊಟ್ಟಿ ಬೇಯುವಷ್ಟರಲ್ಲಿ ಮುಗಿಸಿದಳು. ಕೊಸರು ಇರಲಿ. ಒಂದು ಬೀಜವೆಂದರೆ ನೂರ ಐದು.

ಸಂಜೆ ಆರು ಕಟ್ಟು ಕಟ್ಟಿದೆ. ಅಣ್ಣ ಎಲ್ಲ ಬಿಚ್ಚಿ ಎಣಿಸಿದ. ಆರೂ ನೂರ ಐದು. "ಹಾಂ, ಈಗ ನಮ್ಮ ಸಾವಂತ್ರಿ," ಅಂದ.

೨೪ ಜನವರಿ, ಆದಿತ್ಯವಾರ

ಮೊದಲಿನಿಂದ ಬರೆಯಬೇಕು, ಅವಸರವಿಲ್ಲದೆ.

ಎರಡು ಟಾಂಗಾದಲ್ಲಿ ಹೋದೆವು. ಒಂದರಲ್ಲಿ ನಾವು, ಇನ್ನೊಂದರಲ್ಲಿ ರಾಯರು, ಅವರ ಕೊಡೆ, ಫೋಟೋ ಸ್ಟುಡಿಯೋದ ಸುಬ್ಬಯ್ಯ, ಅವನ ಮೂರು ಕಾಲಿನ ದೊಡ್ಡ ಕ್ಯಾಮೆರಾ. ಸುಬ್ಬಯ್ಯ ಉಡುಪಿ ಕಡೆಯವನು. ರಾಯರೇ ಒಪ್ಪಿಸಿ ಕರೆತಂದಿದ್ದರು. ಫೋಟೋ ಸುಳ್ಳು ಹೇಳುವುದಿಲ್ಲವಂತೆ.

ಹೊತ್ತು ಮೂಡುವ ಮೊದಲೇ ಕೆಸರಿನ ದಿಬ್ಬದ ಮೇಲೆ ಒಂದು ಹಿಂಡು ಕೂತಿತ್ತು. ಬೆಳಕು ಹರಿಯುತ್ತಲೇ ಸುಬ್ಬಯ್ಯ ಕರಿ ಬಟ್ಟೆಯೊಳಗೆ ತಲೆ ಹಾಕಿದ. "ಜನರಿಗಾದರೆ ಅಲುಗಾಡಬೇಡಿ ಅಂತ ಹೇಳಬಹುದು. ಇವುಗಳಿಗೆ ಹೇಳುವವರು ಯಾರು ಮಾರಾಯ್ರೆ?" ಬಾತುಗಳೇ ಹೇಳಿಸಿಕೊಂಡವೋ ಏನೋ, ಮೈಗೆ ಮೈ ಹಚ್ಚಿ ಸುಮ್ಮನೆ ಕೂತವು. ನಾನು ಎಣಿಸಿದೆ. ಎರಡು ಬೀಜ, ಹತ್ತೊಂಬತ್ತು ಹಿಡಿ, ಮೇಲೆ ಎರಡು. "ಮುನ್ನೂರ ಏಳು," ಅಂದೆ. ರಾಯರು ಬರೆದುಕೊಂಡು ಗಡಿಯಾರ ನೋಡಿ ಹೊತ್ತನ್ನೂ ಬರೆದರು. ಕ್ಯಾಮೆರಾ ಕಟ್ ಅಂದಿತು.

ಅಷ್ಟರಲ್ಲಿ ಆಕಾಶ ಬಂತು.

ಬೇರೆ ಹೇಗೆ ಬರೆಯಲಿ? ಪೂರ್ವದಿಂದ ಒಂದು ಸಾಲು, ಅದರ ಅಡಿಯಿಂದ ಇನ್ನೊಂದು, ಹಳ್ಳಿಯ ಕಡೆಯಿಂದ ಮೂರನೆಯದು. ರಾಯರು ಪೆನ್ಸಿಲಿನಿಂದ ಗೀಟು ಹಾಕುತ್ತಿದ್ದರು. ಆರುನೂರರ ಹತ್ತಿರ ಎರಡು ಹಿಂಡು ಒಂದರೊಳಗೊಂದು ಹಾಯ್ದು ಹೋದವು, ಅವರು "ಅಯ್ಯಯ್ಯ" ಅಂದರು, ಆಮೇಲೆ ಪೆನ್ಸಿಲು ಓಡಲಿಲ್ಲ. ಆ ಮುನ್ನೂರ ಏಳರ ಮುಂದಕ್ಕೇ ನನ್ನ ಕೈ ಓಡುತ್ತಿತ್ತು. ಹಿಡಿ, ಹಿಡಿ, ಬೀಜ, ಕೊಸರು, ಹಿಡಿ. ಚಳಿ ಇರಲಿಲ್ಲ, ಹಾವು ಇರಲಿಲ್ಲ, ಮಾಸ್ತರರ ಕೆಮ್ಮು ಕೇಳಿಸಲಿಲ್ಲ. ನನ್ನ ಅಪ್ಪ ಬುಟ್ಟಿಯ ಮುಂದೆ ಕೂತು ಎಣಿಸುವಾಗ ಅವನ ಮುಖ ಹೇಗಿರುತ್ತಿತ್ತೋ ನನ್ನದೂ ಹಾಗೇ ಇದ್ದಿರಬೇಕು. ಹದಿನೇಳನೆಯ ಬೀಜ. ಹದಿನೆಂಟನೆಯದು. ಹತ್ತೊಂಬತ್ತನೆಯದು ಬಿದ್ದು, ಅದರ ಕೊಸರೂ ದಾಟಿದಾಗ ಆಕಾಶ ಬರಿದಾಯಿತು.

ಹತ್ತೊಂಬತ್ತು, ಮೇಲೆ ಒಂದು ಹಿಡಿಯೂ ಇಲ್ಲ. ಒಂದು ಸಾವಿರದ ಒಂಬೈನೂರ ತೊಂಬತ್ತೈದು. ಐದು ಕಡಿಮೆ! ಅಕ್ಕೋರ ಕೈ ನನ್ನ ಭುಜದ ಮೇಲೆ ಬಿತ್ತು.

"ತಡೀರಿ," ಅಂದೆ.

ಬಿಸಿಲು ನೀರಿಗೆ ಬಿದ್ದ ಮೇಲೆ ಅವು ಬಂದವು. ತಡವಾಗಿ ಎದ್ದು ಸಂತೆಗೆ ಹೋಗುವವರ ಹಾಗೆ, ಒಂದು ದೊಡ್ಡ ಹಿಂಡು, ಮಾತಾಡುತ್ತಾ, ಸಾವಕಾಶವಾಗಿ. ಇಪ್ಪತ್ತನೆಯ ಬೀಜ, ಅದರ ಕೊಸರು. ಅದರ ಮೇಲೆ ಮೂರು ಹಿಡಿ. ಕಡೆಗೆ ಒಂದು ಜೋಡಿ ಚಕ್ರವಾಕ.

"ಎರಡು ಸಾವಿರದ ನೂರ ಹದಿನೇಳು," ಅಂದೆ. ಮೆಲ್ಲಗೆ ಅಂದೆನೆಂದು ತಿಳಿದಿದ್ದೆ, ಹೊಲದಲ್ಲಿದ್ದವನು ತಿರುಗಿ ನೋಡಿದನಂತೆ.

ಮಾಸ್ತರರು ಎದ್ದು ನಿಂತರು. ಅವರಿಗೆ ಒಂದೂ ಕಾಣುತ್ತಿರಲಿಲ್ಲ. ನೀರಿನ ಕಡೆಗೆ ಮುಖ ಮಾಡಿ, ಆ ಸದ್ದು ಕೇಳುತ್ತಾ, ತುಂಬ ಹೊತ್ತು ನಿಂತರು.

ರಾಯರು ಚಹಾ ಕುಡಿದರು. "ಫೋಟೋ ಬರಲಿ," ಅಂದರು. ಅಷ್ಟೇ ಅಂದರು.

೨೯ ಜನವರಿ, ಶುಕ್ರವಾರ

ಫೋಟೋ ಬಂತು. ಸುಬ್ಬಯ್ಯ ಅದನ್ನು ಚೌಕಿಯಷ್ಟು ದೊಡ್ಡದು ಮಾಡಿ ತಂದಿದ್ದ. ಮಾಸ್ತರರ ಮನೆಯ ಪಡಸಾಲೆಯಲ್ಲಿ ಹಲಗೆಗೆ ಹಚ್ಚಿ, ಭುಜಂಗರಾಯರು ಒಂದೊಂದು ಬಾತಿನ ಮೇಲೆ ಒಂದೊಂದು ಗುಂಡುಸೂಜಿ ಚುಚ್ಚುತ್ತಾ ಎಣಿಸಿದರು. ಅರ್ಧ ತಾಸು ಹಿಡಿಯಿತು.

"ಮುನ್ನೂರ ಎಂಟು," ಅಂದರು. ತಮ್ಮ ಚೀಟಿ ತೆಗೆದರು. "ಈ ಬಾಯಿಯವರು ಹೇಳಿದ್ದು ಮುನ್ನೂರ ಏಳು. ಒಂದು ತಪ್ಪು."

ನಾನು ಹತ್ತಿರ ಹೋಗಿ ನೋಡಿದೆ. "ಎಡಗಡೆಯಿಂದ ಮೂರನೇ ಸೂಜಿ ತೆಗೀರಿ ರಾಯರ. ಅದು ಬಾತಲ್ಲ, ಕಲ್ಲು."

"ಕಲ್ಲು? ನೀವು ಹೆಂಗ ಹೇಳತೀರಿ?"

"ಭಾಳ ಹೊತ್ತು ಕತ್ತು ಎತ್ತಲಿಲ್ರಿ ಅದು. ಪಾಪ, ಮೈಯಾಗ ಆರಾಮ ಇಲ್ಲೇನೋ ಅಂತ ಚಿಂತಿ ಮಾಡಿದೆ. ಎಲ್ಲಾವೂ ನೀರಿಗಿಳಿದ ಮ್ಯಾಲೂ ಅದು ಅಲ್ಲೇ ಇತ್ತು."

ರಾಯರು ಭೂತಗನ್ನಡಿ ತರಿಸಿದರು. ಮೂಗು ಫೋಟೋಗೆ ತಾಗುವ ಹಾಗೆ ಬಗ್ಗಿದರು. ಸುಬ್ಬಯ್ಯನೂ ಬಗ್ಗಿದ. ಅಕ್ಕೋರೂ ಬಗ್ಗಿದರು. ನಾನು ನಿಂತೇ ಇದ್ದೆ.

ರಾಯರು ನೆಟ್ಟಗಾಗಿ ಸೂಜಿ ಕಿತ್ತರು. "ಕಲ್ಲು," ಅಂದರು. ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು ನನ್ನ ಕಡೆಗೆ ತಿರುಗಿದರು. "ಸಾವಂತ್ರವ್ವಾರ, ನಮ್ಮ ಕಚೇರಿ ಗುಮಾಸ್ತರಿಗೆ ಒಂದು ದಿನ ಬಂದು ಎಣಿಸೂದು ಕಲಿಸ್ರಿ. ತಮ್ಮ ಕುರ್ಚಿ ಎಷ್ಟು ಅವ ಅಂತ ಅವರಿಗೆ ಗೊತ್ತಿಲ್ಲ."

ದಾರಿಯಲ್ಲಿ ಒಬ್ಬಳೇ ನಕ್ಕೆ. ಜನ ನೋಡಿದರು. ನೋಡಲಿ.

೪ ಫೆಬ್ರವರಿ, ಗುರುವಾರ

ಸಾಹೇಬರ ಹುಕುಂ ಬಂತು. ಅಕ್ಕೋರು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದರು. ಖರಾಡಿ ತಿರುವಿನಲ್ಲಿ, ಎರಡೂ ದಂಡೆ, ಬೇಟೆ ಬಂದ್. ಈ ವರ್ಷವೂ, ಮುಂದೆಯೂ. ಫಲಕ ಹಾಕತಕ್ಕದ್ದು. ಕೆಳಗೆ ಕಾರಣ ಬರೆದಿತ್ತು: ೨೪ ಜನವರಿಯ ಎಣಿಕೆ, ೨,೧೧೭, ಎಣಿಸಿದವರು ಶ್ರೀಮತಿ ಸಾವಂತ್ರವ್ವ.

ವೈನಿ ಅದನ್ನು ಓಣಿಯಲ್ಲೆಲ್ಲ ಹೇಳಿದಳು. ಸಂಜೆ ಹೊತ್ತಿಗೆ ನಾನು ಎರಡು ಲಕ್ಷ ಬಾತು ಎಣಿಸಿದ್ದೇನೆಂದು ಆಗಿತ್ತು. "ಎರಡು ಸಾವಿರ, ವೈನಿ," ಅಂದೆ. "ಸುಮ್ಮನಿರು," ಅಂದಳು, "ಇದು ನನ್ನ ಕೊಸರು."

ಮಾಸ್ತರರು ಮುಂದಿನ ವರ್ಷಕ್ಕೆ ಇನ್ನೂ ನಾಲ್ಕು ಮಂದಿಯನ್ನು ಹುಡುಕಿದ್ದಾರೆ. ಕಾತ್ರಜದ ಕೆರೆಯಲ್ಲೂ ಎಣಿಸಬೇಕಂತೆ. ಅವರಿಗೆ ನಾನು ಕಲಿಸಬೇಕಂತೆ. ಆಯಿತು ಅಂದೆ.

೭ ಫೆಬ್ರವರಿ, ಆದಿತ್ಯವಾರ

ಮಾಸ್ತರರಿಗೆ ಜ್ವರ, ಅಕ್ಕೋರು ಅವರ ಬಳಿ ಉಳಿದರು. ನಾನು ಒಬ್ಬಳೇ ಟಾಂಗಾ ಹತ್ತಿ ಹೋದೆ.

ಫಲಕ ನಿನ್ನೆಯೇ ನೆಟ್ಟಿದ್ದರು. ಇಂಗ್ಲಿಷು, ಮರಾಠಿ, ಎರಡರಲ್ಲೂ ಇದೆ. ಹಸಿ ಬಣ್ಣದ ವಾಸನೆ. ನಾನು ಅದರ ಪಕ್ಕದಲ್ಲೇ ಚೀಲ ಇಟ್ಟುಕೊಂಡು ಕೂತೆ.

ಬೆಳಕಾಗುವಾಗ ಒಂದು ಟಾಂಗಾ ಬಂತು. ಮೂವರು. ಬೂಟು, ಹ್ಯಾಟು, ಹೆಗಲಿಗೆ ಬಂದೂಕು, ಒಂದು ನಾಯಿ. ಹುಕುಂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬಂದರೋ. ಫಲಕವನ್ನು ದಾಟಿ ಹೊರಟರು. ನಾನು ಎದ್ದು ದಾರಿಗೆ ಅಡ್ಡ ನಿಂತೆ.

"ಬೋರ್ಡ ವಾಚಾ," ಅಂದೆ, ಬೋರ್ಡು ಓದಿ ಎಂದು. ನನ್ನ ಮರಾಠಿ ಅಂಗಡಿಯ ಮರಾಠಿ.

ಮುಂದಿದ್ದವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಓದಲಿಲ್ಲ. ಆಗ ನಾನೇ ಮರಾಠಿಯದನ್ನು ಓದಿದೆ, ಆ ಅಕ್ಷರ ಪೇಟೆಯ ಬೋರ್ಡು ನೋಡಿ ಕಲಿತದ್ದು. ಬೆರಳಿಟ್ಟು, ಒಂದೊಂದೇ ಅಕ್ಷರ, ನಡುವೆ ಒಂದು ಒತ್ತಕ್ಷರಕ್ಕೆ ತಡವರಿಸಿದೆ, ಮತ್ತೆ ಮೊದಲಿನಿಂದ ಓದಿದೆ. ಅವರು ನಿಂತು ಕೇಳಬೇಕಾಯಿತು. ಮುಗಿಯುವವರೆಗೆ ನಾನು ದಾರಿ ಬಿಡಲಿಲ್ಲ.

"ತೂ ಕೋಣ?" ಅಂದ. ನೀನು ಯಾರು?

"ಮೀ ಮೋಜಣಾರೀ," ಅಂದೆ. ನಾನು ಎಣಿಸುವವಳು.

ಅವರು ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಏನೋ ಆಡಿಕೊಂಡರು. ಒಬ್ಬ ನಕ್ಕ, ಇನ್ನೊಬ್ಬ ನಗಲಿಲ್ಲ. ನಾಯಿ ಮಾತ್ರ ನನ್ನ ಕೈ ಮೂಸಿತು. ಟಾಂಗಾದವನು ಕುದುರೆಯ ಬಾಯಿ ತಿರುಗಿಸಿದ.

ಅಷ್ಟರಲ್ಲಿ ಮೊದಲ ಹಿಂಡು ಬರುತ್ತಿತ್ತು. ಅವರನ್ನು ನೋಡುತ್ತಾ ನಿಲ್ಲಲು ನನಗೆ ಪುರುಸೊತ್ತಿರಲಿಲ್ಲ.

ಬಾತು: ೨,೨೦೪.
ಟಾಂಗಾ: ೧, ವಾಪಸು.